ಗೊಬ್ಬರದ ಗುಂಡಿಗೆ ಕುಂಕುಮ ಹಚ್ಚಿದವನು ನಾನು

ಸವಳಂಗ ರಸ್ತೆಯ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ತಮ್ಮ ಕಾಲೇಜಿನ ಹಿತ್ತಲಲ್ಲಿ ನನ್ನ ಮಗಳು ಮೈತ್ರಿಯ ಬಲಗೈ ಮುರಿದರು. ಮುರಿದವರು ಹಾಯಾಗಿ ಓಡಾಡಿಕೊಂಡಿದ್ದಾರೆ, ಮುರಿಸಿಕೊಂಡವಳನ್ನೂ ಅವಳ ಜೊತೆಯ ಐವರನ್ನೂ ತಾವು ಹೊರಹಾಕಿದ್ದೀರಿ. ನೋಟಿಸಿನಲ್ಲಿ ತಾವು ಕೊಟ್ಟ ಕಾರಣ, ‘ಆವರಣದಲ್ಲಿ ವಾಮಾಚಾರ ನಡೆಸಿ ಸಾರ್ವಜನಿಕರನ್ನು ಉದ್ರೇಕಿಸಿದ್ದು’. ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆಗೆ ಇನ್ನು ಮೂರೇ ವಾರವಿದೆ. ಎರಡು ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಆ ಘನಘೋರ ವಾಮಾಚಾರದ ಸಾಮಗ್ರಿ ಏನೇನೆಂದು ಊರಿನವರಿಗೂ ತಿಳಿಯಲಿ. ಕ್ಯಾಂಟೀನಿನ ತರಕಾರಿ ಸಿಪ್ಪೆ, ಉಂಡೆಸೆದ ಬಾಳೆ ಎಲೆ, ತಾವು ದಿನಾ ಬೆಳಗ್ಗೆ ಸುಡಿಸಿ ಊರಿಗೆಲ್ಲ ಹೊಗೆ ಹಾಕುತ್ತಿದ್ದ ತರಗೆಲೆ, ಮೈತ್ರಿಯ ಸಹಪಾಠಿ ಜ್ಞಾನೇಶ್ ಆಯನೂರಿನ ತನ್ನ ಮನೆಯಿಂದ ಚೀಲದಲ್ಲಿ ಹೊತ್ತು ತಂದ ಸಗಣಿ. ಆರು ಜನ ಮಕ್ಕಳು ಸೇರಿ ಗುಂಡಿ ತೋಡಿ, ಇಷ್ಟನ್ನೂ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮುಚ್ಚಿದರು. ಕಾಲೇಜಿನ ಗಿಡಗಳಿಗೆ ಗೊಬ್ಬರ ಮಾಡುತ್ತೇವೆಂದು ಅವರು ಕೊಟ್ಟ ಅರ್ಜಿಗೆ ಹಸಿರು ಶಾಯಿಯಲ್ಲಿ ಸಹಿ ಹಾಕಿದವರು ತಾವೇ. ಅದರ ಜೆರಾಕ್ಸ್ ನನ್ನ ಬಳಿ ಇದೆ.

ತಪ್ಪು ಮಾಡಿದವನು ನಾನು. ಮೂವತ್ತೊಂದು ವರ್ಷ ಭದ್ರಾವತಿಯಲ್ಲಿ ಎರಕದ ಕೆಲಸ ಮಾಡಿದವನು. ಹೊಸ ಕುಲುಮೆಗೆ ಬೆಂಕಿ ಕೊಡುವ ಮುನ್ನ ಕುಂಕುಮ ಹಚ್ಚಿ ನಿಂಬೆಹಣ್ಣು ಇಡದೆ ನಮ್ಮಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ, ದೊಡ್ಡ ಎಂಜಿನಿಯರು ಕೂಡ ಬೂಟು ಬಿಚ್ಚಿ ನಿಲ್ಲುತ್ತಿದ್ದರು. ಗೊಬ್ಬರ ಕೊಳೆಯುವಾಗ ಗುಂಡಿಯೊಳಗೂ ಬಿಸಿ ಏರುತ್ತದೆ ಎಂದು ಮಗಳು ಹೇಳಿದಳು. ಬಿಸಿ ಏರುವುದಾದರೆ ಪೂಜೆ ಆಗಲೇಬೇಕು ಎಂದುಕೊಂಡು ಭಾನುವಾರ ಬಸ್ಸು ಹತ್ತಿ ಬಂದೆ. “ಬೇಡ ಅಪ್ಪ, ಎಲ್ರೂ ನಗ್ತಾರೆ” ಅಂದಳು. “ಸುಮ್ನಿರು ಮಾರಾಯ್ತಿ, ಒಳ್ಳೇದಾಗ್ಲಿ” ಅಂತ ನಾಲ್ಕು ಮೂಲೆಗೂ ನಿಂಬೆಹಣ್ಣಿಟ್ಟು ಕುಂಕುಮ ಚೆಲ್ಲಿದೆ.

ಆರಡಿ ಉದ್ದದ ದಿಬ್ಬ, ಮೇಲೆ ಕುಂಕುಮ, ಬೆಳಗಿನ ಚಳಿಯಲ್ಲಿ ಅದರಿಂದೇಳುವ ಹಬೆ. ಕಾಂಪೌಂಡಿನ ಆಚೆ ಬೀದಿಯವರಿಗೆ ಅದು ಹೆಣ ಹೂತ ಜಾಗದಂತೆ ಕಂಡಿತು. ಅದೇ ವಾರ ಆ ಬೀದಿಯ ಕೂಸೊಂದಕ್ಕೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತಂತೆ. ಇನ್ನೇನು ಬೇಕು?

ಬುಧವಾರ ಹನ್ನೊಂದು ಗಂಟೆಗೆ ಇಪ್ಪತ್ತು ಜನ ಗೋಡೆ ಹಾರಿ ಬಂದರು. ಮಕ್ಕಳ ಗುದ್ದಲಿಯನ್ನೇ ಕಿತ್ತುಕೊಂಡು ಅದರ ಮರದ ಕಾವಿನಿಂದ ಜ್ಞಾನೇಶನ ದವಡೆಗೆ ಬಾರಿಸಿದರು. ಬಿದ್ದವನ ಎದೆಯ ಮೇಲೆ ಮಂಡಿಯೂರಿ ಕೂತು, “ಗೊಬ್ರನಾ? ಗೊಬ್ರ ಆದ್ರೆ ತಿನ್ನೋ ನನ್ಮಗನೆ!” ಎಂದು ಕೊಳೆತ ಸಿಪ್ಪೆಯನ್ನು ಬಾಯಿಗೆ ತುರುಕಿದರು. ರಕ್ತ, ಸಗಣಿ, ಮುರಿದ ಎರಡು ಹಲ್ಲು ಒಟ್ಟಿಗೇ ಹೊರಬಂದವು. ಬಿಡಿಸಲು ಹೋದ ನನ್ನ ಮಗಳ ಕೈಯನ್ನು ಗುಂಡಿಯ ಅಂಚಿನ ಕಲ್ಲಿನ ಮೇಲಿಟ್ಟು ಒಬ್ಬ ತುಳಿದು ಹಿಡಿದ, ಇನ್ನೊಬ್ಬ ಹೊಡೆದ. ಒಂದಲ್ಲ, ಮೂರು ಪೆಟ್ಟು. ಮಣಿಕಟ್ಟಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂತು.

ಆಗ ತಾವೆಲ್ಲಿದ್ದಿರಿ? ಮಹಡಿಯ ವರಾಂಡದಲ್ಲಿ. ಮಗಳು ತಮ್ಮನ್ನು ನೋಡಿ ಕೂಗಿದಳು: “ಸಾರ್, ನೀವೇ ಸೈನ್ ಹಾಕಿದ್ದು ಸಾರ್! ಗೊಬ್ರ ಅಂತ ಒಂದ್ ಮಾತು ಹೇಳಿ ಸಾರ್!” ತಾವು ಕೊಠಡಿಯೊಳಗೆ ಹೋಗಿ ಚಿಲಕ ಹಾಕಿಕೊಂಡಿರಿ. ತಮ್ಮ ಮಾತಿಗೆ ಆ ಜನ ನಿಲ್ಲುತ್ತಿದ್ದರೋ ಇಲ್ಲವೋ ನಾನರಿಯೆ. ಆದರೆ ಮಾತೇ ಹೊರಡಲಿಲ್ಲವಲ್ಲ! ಗಣರಾಜ್ಯೋತ್ಸವಕ್ಕೆ ಮೈಕು ಸಿಕ್ಕರೆ ಒಂದೂವರೆ ಗಂಟೆ ಬಿಡದ ಗಂಟಲಿಗೆ ಅವತ್ತೇನಾಗಿತ್ತು? ಹೋದ ವರ್ಷ ಬೋರ್‌ವೆಲ್ ಕೊರೆಸುವಾಗ ಕುಂಬಳಕಾಯಿ ಒಡೆದು ಕುಂಕುಮ ಸುರಿದವರು ತಾವೇ ತಾನೆ? ಅದು ಸಂಪ್ರದಾಯ, ನಮ್ಮ ನಿಂಬೆಹಣ್ಣು ಮಾತ್ರ ಮಾಟ. ಭಲೇ ವಿಜ್ಞಾನಿಗಳು!

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಆ ಕೈ ನೋಡಿದ ದಿನ ನಾನು ಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು ತಮ್ಮ ಮನೆಗೆ ಹೊರಟಿದ್ದೆ. ಎರಡೂ ಮೊಣಕಾಲು ಪುಡಿ ಮಾಡಬೇಕೆಂದಿದ್ದೆ, ಎಲ್ಲಿಗೆ ಹೊಡೆಯಬೇಕೆಂದೂ ಯೋಚಿಸಿದ್ದೆ. ಮಗಳು ಎಡಗೈಯಿಂದ ಅಂಗಿ ಹಿಡಿದುಕೊಂಡು, “ನೀನೂ ಹೊಡೆದ್ರೆ ನಮಗೆ ಹೊಡೆದಿದ್ದೇ ಸರಿ ಅಂತಾರೆ ಅಪ್ಪ. ನಂಗೆ ಪರೀಕ್ಷೆ ಬರೀಬೇಕು” ಅಂದಳು. ಸಿಟ್ಟು ಇನ್ನೂ ಆರಿಲ್ಲ. ತಮ್ಮ ಕಾಲು ನೆಟ್ಟಗಿರುವುದು ಅವಳ ದಯೆಯಿಂದ.

ಈಗ ಕೇಳುವುದನ್ನು ಕೇಳುತ್ತೇನೆ. ಆರು ಮಕ್ಕಳ ಮೇಲಿನ ಕ್ರಮ ಈ ವಾರವೇ ರದ್ದಾಗಬೇಕು. ಮೈತ್ರಿಗೆ ಹಾಲ್ ಟಿಕೆಟ್ಟೂ, ಅವಳು ಹೇಳಿದ್ದನ್ನು ಬರೆಯಲು ಒಬ್ಬರೂ ಸಿಗಬೇಕು. ಗುಂಡಿಗೆ ಅನುಮತಿ ಕೊಟ್ಟವರು ತಾವೇ ಎಂದು ಪೊಲೀಸರೆದುರು ಒಪ್ಪಿಕೊಂಡು, ಕಣ್ಣಾರೆ ಕಂಡ ಮುಖಗಳನ್ನು ತೋರಿಸಬೇಕು. ಕುಂಕುಮಕ್ಕೆ ಶಿಕ್ಷೆ ಆಗಲೇಬೇಕೆಂದಿದ್ದರೆ ನನ್ನ ವಿಳಾಸ ಕೆಳಗಿದೆ, ಆ ಬೀದಿಯವರಿಗೂ ಕೊಡಿ. ಅವರ ಜೊತೆ ತಾವೂ ಬನ್ನಿ. ನಮ್ಮದು ಮಹಡಿ ಇಲ್ಲದ ಕ್ವಾರ್ಟರ್ಸು, ಹೊಡೆಯುವಾಗ ತಾವು ಕೆಳಗೇ ನಿಂತು ನೋಡಬೇಕಾಗುತ್ತದೆ.

ಇಂತಿ,
ತಮ್ಮ ನೋಟಿಸಿನಲ್ಲಿ ಹೆಸರು ಬಿಟ್ಟುಹೋದ ಏಳನೆಯ ಆರೋಪಿ,
ರಂಗಪ್ಪ, ನಿವೃತ್ತ ಎರಕದ ಕೆಲಸಗಾರ
ನ್ಯೂ ಟೌನ್, ಭದ್ರಾವತಿ
ಫೆಬ್ರವರಿ ೨೦೦೩