ನಾಲ್ಕು ಬೆರಳಿನ ಜಾಗ

ಫೆಬ್ರವರಿ 7, ಗುರುವಾರ

ಐದೂವರೆಗೆ ಎದ್ದೆ. ಅಸ್ಮಾರಾದ ಚಳಿ ಎಲುಬಿಗೇ ಕೈ ಹಾಕುತ್ತದೆ. ತಿರ್ಹಾಸ್ ಜೊತೆ ಒಂದೂವರೆ ಗಂಟೆ ಸೈಕಲ್ ತುಳಿದೆ. ಕೊನೆಯ ಏರಿನಲ್ಲಿ ನನ್ನನ್ನು ಬಿಟ್ಟು ಹೋದಳು. ಮೇಲೆ ನಿಂತು ಕಾದಳು. ಕಾಯಬೇಡ ಎಂದು ಎಷ್ಟು ಸಲ ಹೇಳುವುದು… ಎದುರು ಮನೆಯ ಹುಡುಗಿ, ಹತ್ತೊಂಬತ್ತು ವರ್ಷ. ಮೊದಲ ಸಲ ರೇಸ್ ಸೈಕಲ್ ಮೇಲೆ ಕೂರಿಸಿದವಳು ನಾನೇ. ನನಗೆ ಇಪ್ಪತ್ತೊಂಬತ್ತು ಎಂದು ಪ್ರತಿ ಏರಿನಲ್ಲೂ ನೆನಪಿಸುವವಳು ಅವಳೇ.

ಭಾನುವಾರ ಊರೊಳಗಿನ ಸುತ್ತಿನ ರೇಸು. ಇಪ್ಪತ್ತೈದು ಸುತ್ತು. ಗೆದ್ದವಳಿಗೆ ಕ್ಲಬ್ ತಂಡದಲ್ಲಿ ಜಾಗ. ಒಂದೇ ಜಾಗ. ಕ್ಲಬ್ಬಿನ ಸೈಕಲ್ಲು, ವರ್ಷವಿಡೀ ರೇಸು. ನಮ್ಮಂಥ ಹವ್ಯಾಸಿಗಳಿಗೆ ಬೇರೆ ಬಾಗಿಲಿಲ್ಲ. ಮೂವತ್ತು ತುಂಬಿದವರನ್ನು ಸೇರಿಸುವುದಿಲ್ಲ. ಜೂನ್‌ನಲ್ಲಿ ನನಗೆ ಮೂವತ್ತು.

ಹೊಲಿಗೆ ಶೆಡ್ಡಿಗೆ ಹತ್ತು ನಿಮಿಷ ತಡ. ಬೀದಿಯಲ್ಲಿ ತುಳಿದು ಮಿಕ್ಕಿದ್ದರೆ ಇಲ್ಲೂ ಸ್ವಲ್ಪ ತುಳಿ ಎಂದ ಮೇಸ್ತ್ರಿ. ನಲವತ್ತು ಕಾಲರು ಹೊಲಿದೆ.

ಫೆಬ್ರವರಿ 9, ಶನಿವಾರ, ಸಂಜೆ 5

ತಿರ್ಹಾಸ್‌ಗೆ ಪಂಕ್ಚರ್. ಮುಂದಿನ ಚಕ್ರ. ಆಗಬೇಕಾದ್ದು ಇವತ್ತೇ. ಹಾಳು ಅಂಟು ಟಯರು — ಟ್ಯೂಬ್ ಬದಲಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಇಡೀ ಟಯರನ್ನೇ ರಿಮ್ಮಿಗೆ ಗೋಂದು ಬಳಿದು ಕೂರಿಸಬೇಕು. ಸೈಕಲ್ ಅಂಗಡಿಯ ಅಬೋಯ್ ವೊಲ್ದು ಇಲ್ಲ, ತಮ್ಮನ ವರ್ಷದ ತಿಥಿಗೆ ಹಳ್ಳಿಗೆ ಹೋಗಿದ್ದಾರೆ. ಎಪ್ಪತ್ತೆರಡರ ಮುದುಕ, ಊರಿನ ಅರ್ಧ ಸೈಕಲ್ಲುಗಳು ಅವರ ಕೈ ದಾಟಿ ಬಂದವು, ನಮ್ಮಿಬ್ಬರಿಗೂ ಸ್ಪ್ಯಾನರ್ ಹಿಡಿಯಲು ಕಲಿಸಿದವರು. ಅಂಗಡಿಯ ಬೀಗದ ಕೈ ನನ್ನ ಹತ್ತಿರ ಕೊಟ್ಟು ಹೋಗಿದ್ದಾರೆ. ನೀನೇ ಅಂಟಿಸಿಕೊಡು ಅಕ್ಕ ಎಂದಳು ತಿರ್ಹಾಸ್.

ಅಂಟಿಸಿದೆ. ವಾಲ್ವಿನ ಎದುರು ಬದಿ ಗೋಂದು ಬಳಿಯದೆ ನಾಲ್ಕು ಬೆರಳು ಜಾಗ ಬಿಟ್ಟೆ, ಅಬೋಯ್ ಕಲಿಸಿದ ಹಾಗೆ. ಟಯರು ಕೂರಿಸುವ ಮೊದಲು ರಿಮ್ಮಿನ ಮೇಲೆ ಪೆನ್ಸಿಲಿನಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಅದು ಅಂಗಡಿಯ ಕಾನೂನು, ಕ್ಲಬ್ಬೂ ಒಪ್ಪಿದ್ದು. ಅಂಟಿಸಿದವರು ಅಕ್ಷರ ಬರೆಯಬೇಕು. ಅಂಟು ಬಿಟ್ಟದ್ದು ರೇಸು ಹೊರಡುವ ಲೈನಿನಲ್ಲಿ ಕಂಡರೆ ಟಯರು ಎಬ್ಬಿಸಿ ನೋಡುತ್ತಾರೆ, ಆ ಅಕ್ಷರದವರು ಅವತ್ತು ರೇಸಿಗೆ ಇಳಿಯುವಂತಿಲ್ಲ. ಕೈ ತಾನಾಗಿ ಕೆಲಸ ಮಾಡಿತು. ತಲೆ ಆಗಲೇ ನಾಳಿನ ರೇಸಿನ ಬೇಕರಿ ತಿರುವಿನಲ್ಲಿತ್ತು.

ತಿರ್ಹಾಸ್ ಅವಳಮ್ಮ ಕೊಟ್ಟ ಸಿಹಿ ರೊಟ್ಟಿ ತಂದಿದ್ದಳು. ಇಬ್ಬರೂ ಗೋಂದಿನ ಕೈಯಲ್ಲೇ ತಿಂದೆವು.

"ನಾಳೆ ನೀನು ಗೆದ್ರೆ ನಾನು ಅಳ್ತೀನಿ, ನಾನು ಗೆದ್ರೆ ನೀನು ಅಳ್ತೀಯ," ಎಂದಳು. "ಅಮ್ಮ ಇಬ್ರಿಗೂ ಸೇರ್ಸಿ ಒಂದೇ ಟವೆಲ್ ತರ್ತಾಳಂತೆ."

ಫೆಬ್ರವರಿ 10, ಭಾನುವಾರ, ಮಧ್ಯಾಹ್ನ 2

ಗೆದ್ದೆ.

ಮುಂದೆ ಏನು ಬರೆಯಬೇಕೋ ತೋಚುತ್ತಿಲ್ಲ. ಬೂಟು ಇನ್ನೂ ಕಾಲಲ್ಲೇ ಇದೆ.

ಅದೇ ದಿನ, 4 ಗಂಟೆ

ಆಸ್ಪತ್ರೆಯಿಂದ ಬಂದೆ. ಒಳಗೆ ಬಿಡಲಿಲ್ಲ. ತಿರ್ಹಾಸ್‌ಗೆ ಬಲಗಡೆ ಕೊರಳೆಲುಬು ಮುರಿದಿದೆ, ಗಲ್ಲಕ್ಕೆ ಹೊಲಿಗೆ, ಎರಡು ಹಲ್ಲು ಹೋಗಿವೆ. ಜೀವಕ್ಕೇನೂ ಇಲ್ಲ ಎಂದರು. ಜೀವಕ್ಕೆ ಎಂಬ ಮಾತೇ ಯಾಕೆ ಬಂತು?

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ.

ಬೆಳಿಗ್ಗೆ ಇಗರ್ಜಿ ಬಿಟ್ಟಿತ್ತು. ಬಿಳಿ ಶಾಲು ಹೊದ್ದ ಹೆಂಗಸರು ಈಚಲು ಸಾಲಿನ ಕೆಳಗೆ ಎರಡೂ ಬದಿ ತುಂಬಿದ್ದರು. ರೆಫ್ರಿ ಒಬ್ಬೊಬ್ಬರ ಟಯರನ್ನೂ ಹೆಬ್ಬೆರಳಿನಿಂದ ಒಂದು ಕಡೆ ಒತ್ತಿ ಮುಂದೆ ಹೋದ. ಪಕ್ಕದಲ್ಲಿ ತಿರ್ಹಾಸ್ ತಾನೂ ಚಕ್ರ ತಿರುಗಿಸುತ್ತ ಒತ್ತುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು. ನನ್ನ ಕಡೆ ನೋಡಿದಳು. ಏನೇ ಎಂದೆ. ಏನಿಲ್ಲ ಅಕ್ಕ, ಚಳಿ ಎಂದಳು.

ಒಂಬತ್ತನೇ ಸುತ್ತಿಗೆ ಇಬ್ಬರೂ ಗುಂಪು ಬಿಟ್ಟು ಮುಂದೆ ಬಂದೆವು. ಸರದಿಯ ಮೇಲೆ ಗಾಳಿಗೆ ಎದೆ ಕೊಟ್ಟೆವು. ತಿರುವುಗಳಲ್ಲಿ ಅವಳು ಯಾಕೋ ಅಗಲಕ್ಕೆ ಹೋಗುತ್ತಿದ್ದಳು, ಬ್ರೇಕು ಹಿಡಿಯುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡೆ. ಖುಷಿಯೂ ಆಯಿತು, ಸುಳ್ಳೇಕೆ.

ಇಪ್ಪತ್ತೆರಡನೇ ಸುತ್ತು. ಅವಳು ಮುಂದೆ. ಬೇಕರಿ ತಿರುವಿಗೆ ಈ ಸಲ ಬ್ರೇಕು ಹಿಡಿಯಲಿಲ್ಲ, ಪೂರ್ತಿ ವಾಲಿದಳು. ಟಯರು ರಿಮ್ಮಿನಿಂದ ಬಾಳೆಸಿಪ್ಪೆಯ ಹಾಗೆ ಎದ್ದು ಬಂದದ್ದನ್ನು ನೋಡಿದೆ. ಬರೀ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಅವಳು ಮುಖ ಅಡಿಯಾಗಿ ಕಟ್ಟೆಗೆ ಹೋದಳು. ಒಳಬದಿಯಲ್ಲಿ ದಾರಿ ಇತ್ತು. ನುಗ್ಗಿದೆ.

ಇನ್ನು ಮೂರು ಸುತ್ತು. ಮೂರು ಸಲ ಅದೇ ತಿರುವು. ಮೊದಲ ಸಲ ಅವಳು ಮಲಗಿದ್ದಳು. ಎರಡನೇ ಸಲ ಜನ ಸುತ್ತ ನಿಂತಿದ್ದರು. ಕೊನೆಯ ಸುತ್ತಿನ ಗಂಟೆ ಹೊಡೆದ ಮೇಲೆ ಬಂದಾಗ ಅಲ್ಲಿ ಒಂದು ಬೂಟು ಇತ್ತು, ಯಾರೋ ಕಲ್ಲಿಗೆ ನೀರು ಸುರಿಯುತ್ತಿದ್ದರು. ಮೂರೂ ಸಲ ತುಳಿಯುತ್ತಲೇ ಇದ್ದೆ.

ಅದೇ ದಿನ, 5 ಗಂಟೆ

ಬಿಸಿಲಿಗೆ ಅಂಟು ಕರಗಿರಬೇಕು ಎನ್ನುತ್ತಿದ್ದಾರೆ ಎಲ್ಲರೂ. ನಾನೂ ಹೂಂ ಎಂದೆ.

ಈಗ ಸುಮ್ಮನೆ ಹಿಂದಿನ ಹಾಳೆ ತಿರುಗಿಸಿದೆ. ನಾಲ್ಕು ಬೆರಳು ಜಾಗ ಬಿಟ್ಟೆ ಎಂದಿದೆ. ನನ್ನದೇ ಕೈಬರಹ.

ಆ ಜಾಗ ಬಿಡುವುದು ಬೆಟ್ಟದ ರಸ್ತೆಯ ರೇಸಿಗೆ. ದಾರಿಯಲ್ಲಿ ಪಂಕ್ಚರ್ ಆದರೆ ಅಲ್ಲಿ ಬೆರಳು ತೂರಿಸಿ ಟಯರು ಕಿತ್ತು ಹಾಕಲಿ ಎಂದು. ಸುತ್ತಿನ ರೇಸಿಗೆ ಬಿಡಬಾರದು. ಇಪ್ಪತ್ತೈದು ಸುತ್ತು, ನಾಲ್ಕು ತಿರುವು, ನೂರು ಸಲ ಚಕ್ರ ವಾಲುತ್ತದೆ. ಒಂದು ಬೆರಳಿನಷ್ಟೂ ಬಿಡಬಾರದು. ಹತ್ತು ವರ್ಷದಿಂದ ಗೊತ್ತು ನನಗೆ. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ನನ್ನ ಚಕ್ರಗಳನ್ನು ಸೋಮವಾರವೇ ಅಂಟಿಸಿದ್ದೆ. ಪೂರ್ತಿ ಸುತ್ತ. ಒಂದು ಬೆರಳೂ ಬಿಡದೆ.

ಫೆಬ್ರವರಿ 14, ಗುರುವಾರ, ಸಂಜೆ

ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ. ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಕಿಯಾತೊ ಕಾಫಿ ಕುಡಿಸಿದ.

ಅಬೋಯ್ ಹೇಳಿ ಕಳಿಸಿದರು. ಹೋದೆ. ತಿರ್ಹಾಸ್‌ಳ ಚಕ್ರ ಕೊಕ್ಕೆಗೆ ತೂಗುತ್ತಿತ್ತು. ನಿನ್ನೆ ಅವಳ ಮನೆಯಿಂದ ತರಿಸಿದರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಬಾಯಿ ಬಿಡುವ ಮೊದಲೇ ನನ್ನ ಕೈ ಜೇಬಿಗೆ ಹೋಯಿತು. ಚಕ್ರ ಇಳಿಸಿ, ಗೋಂದಿಲ್ಲದ ಜಾಗದ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದರು. ಸರಿಯಾಗಿ ಕೂತವು. ಇನ್ನು ಅಕ್ಷರ ತೋರಿಸುತ್ತಾರೆ, ಮುಗಿಯಿತು ಎಂದುಕೊಂಡೆ. ಒಂಥರಾ ಸಮಾಧಾನವೇ ಆಯಿತು.

ತೋರಿಸಿದರು. ನನ್ನ ಅಕ್ಷರವಲ್ಲ. ತಿರ್ಹಾಸ್‌ಳದು.

"ಇದೇನಾ ನಾನು ಕಲಿಸಿದ್ದು?" ಎಂದರು. "ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ. ಅವಸರದಲ್ಲಿ ಅಂಟಿಸಿದಾಳೆ, ಅವಸರದಲ್ಲಿ ಬರೆದಿದಾಳೆ. ಹಿಂದೆ ಇಪ್ಪತ್ತು ಹುಡುಗೀರು ಬರ್ತಿದ್ರು. ಅವರಲ್ಲಿ ಯಾರಾದ್ರೂ ಸತ್ತಿದ್ರೆ? ಇನ್ನು ಅವಳು ನನ್ನ ಅಂಗಡಿ ಮೆಟ್ಟಿಲು ಹತ್ತೋದು ಬೇಡ."

ಕ್ಲಬ್ಬಿಗೂ ಹೇಳುತ್ತಾರಂತೆ. ಅಬೋಯ್ ಬೇಡ ಎಂದವರನ್ನು ಈ ಊರಲ್ಲಿ ಯಾವ ತಂಡವೂ ಸೇರಿಸಿಕೊಳ್ಳುವುದಿಲ್ಲ.

ಅಂಗಡಿಯಿಂದ ಮನೆವರೆಗೆ ಸೈಕಲ್ ತಳ್ಳಿಕೊಂಡು ಬಂದೆ.

ಫೆಬ್ರವರಿ 15, ಶುಕ್ರವಾರ, ಮಧ್ಯಾಹ್ನ

ಎದುರು ಮನೆಗೆ ಹೋದೆ. ಹತ್ತು ಹೆಜ್ಜೆ ದಾಟಲು ಐದು ದಿನ ಬೇಕಾಯಿತು.

ಅವಳ ತಾಯಿ ಅದೇಯ್ ಲೆಮ್ಲೆಮ್ ಕೆನ್ನೆಗೆ ಮುತ್ತಿಟ್ಟರು. ಜಾಗ ನಮ್ಮ ಬೀದಿಗೇ ಬಂತಲ್ಲ, ಬೇರೆಯವರ ಪಾಲಾಗಲಿಲ್ಲ ಎಂದರು. ಉಪವಾಸದ ದಿನ, ಕಡಲೆಹಿಟ್ಟಿನ ಶಿರೋ ಮಾಡಿದ್ದರು, ಮಗಳಿಗೆ ಅಗಿಯಲು ಆಗುವುದಿಲ್ಲವೆಂದು ನೀರಾಗಿಸಿ ಚಮಚೆಯಲ್ಲಿ ಕುಡಿಸುತ್ತಿದ್ದರು. ಆಮೇಲೆ ಕಾಫಿ ಹುರಿಯಲು ಒಳಗೆ ಹೋದರು.

ಯಾಕೆ ಹಾಗೆ ಮಾಡಿದೆ ಎಂದೆ. ಯಾವುದು ಎಂದು ಅವಳು ಕೇಳಲಿಲ್ಲ. ರೇಸಿನ ಮರುದಿನ ಅಮ್ಮ ಇಗರ್ಜಿಗೆ ಹೋದಾಗ ಸೀಮೆಎಣ್ಣೆ ಬಟ್ಟೆಯಲ್ಲಿ ನನ್ನ ಅಕ್ಷರ ಒರೆಸಿ, ಎಡಗೈಯಲ್ಲಿ ತನ್ನದು ಬರೆದಳಂತೆ. ಬಲಗೈ ಎದೆಗೆ ಕಟ್ಟಿದೆ. ಕೋಳಿ ಕೆದರಿದ ಹಾಗಿದ್ದದ್ದು ಅದಕ್ಕೇ.

"ಲೈನಲ್ಲಿ ಒತ್ತಿ ನೋಡ್ದಾಗ್ಲೇ ಗೊತ್ತಾಯ್ತು," ಎಂದಳು. ಹಲ್ಲಿಲ್ಲದೆ ಮಾತು ಸೋರುತ್ತಿತ್ತು. "ಹೇಳಿದ್ರೆ ನಿನ್ನನ್ನ ತೆಗೀತಿದ್ರು ಅಕ್ಕ. ಜೂನಲ್ಲಿ ನಿಂಗೆ ಮೂವತ್ತು. ನಂಗೆ ಮುಂದಿನ ವರ್ಷ ಇದೆ. ಮೆತ್ತಗೆ ತಿರುಗಿಸಿದ್ರೆ ತಡ್ಕೊಳ್ಳುತ್ತೆ ಅನ್ಕೊಂಡೆ. ಕೊನೇಲಿ ಗೆಲ್ಲೋ ಆಸೆ ಬಂದ್ಬಿಡ್ತು, ಮರ್ತೋಯ್ತು."

ಅಬೋಯ್ ಹೇಳಿದ್ದನ್ನು ಹೇಳಿದೆ. ಮುಂದಿನ ವರ್ಷವೂ ಇಲ್ಲ, ಯಾವ ವರ್ಷವೂ ಇಲ್ಲ ಎಂದು. ಅವಳಿಗೆ ಅದು ಗೊತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿದಳು. ಈ ಕಡೆ ತಿರುಗದೆಯೇ ಕೇಳಿದಳು.

"ನೀನೂ ಮರ್ತಿದ್ದೆ ಅಷ್ಟೇ ಅಲ್ವಾ?"

ಅಷ್ಟರಲ್ಲಿ ಅದೇಯ್ ಲೆಮ್ಲೆಮ್ ಹುರಿದ ಕಾಫಿಯ ಹೊಗೆ ಮೂಸಲು ಕೊಡಲೆಂದು ಬಾಣಲೆ ಹಿಡಿದು ಬಂದರು. ಕೈಯಲ್ಲಿ ಹೊಗೆ ಎಳೆದುಕೊಂಡೆ, ಚೆನ್ನಾಗಿದೆ ಎಂದೆ. ವಾಡಿಕೆಯ ಮೂರು ಸುತ್ತು ಕಾಫಿ ಕುಡಿದೆ. ಎದ್ದು ಬಂದೆ.

ಫೆಬ್ರವರಿ 16, ಶನಿವಾರ, ಬೆಳಿಗ್ಗೆ 7

ಎಂಟಕ್ಕೆ ಕ್ಲಬ್ಬಿನಲ್ಲಿ ಸಹಿ. ಅಬೋಯ್ ಇರುತ್ತಾರೆ, ಹೊಸ ಸೈಕಲ್ಲಿನ ಸೀಟು ನನ್ನ ಕಾಲಿನ ಅಳತೆಗೆ ಅವರೇ ಏರಿಸಿ ಇಟ್ಟಿದ್ದಾರಂತೆ.

ಈ ಪುಸ್ತಕ ಒಯ್ಯುತ್ತೇನೆ. ಹೋದ ಶನಿವಾರದ ಹಾಳೆ ತೆಗೆದು ಅವರ ಮುಂದೆ ಇಡುತ್ತೇನೆ. ಕನ್ನಡಕ ಇಲ್ಲ ಎಂದರೆ ನಾನೇ ಓದುತ್ತೇನೆ, ಎಲ್ಲರಿಗೂ ಕೇಳಲಿ. ತಿರ್ಹಾಸ್ ಮತ್ತೆ ಆ ಮೆಟ್ಟಿಲು ಹತ್ತಬೇಕು. ಇಷ್ಟು ನಿಶ್ಚಯ. ಜಾಗ ಹೋಗುತ್ತದೆ, ಹೋಗಲಿ.

ಮರೆತೆ ಎಂದು ಹೇಳುತ್ತೇನೆ. ಬೆಟ್ಟದ ರೇಸಿನ ಅಭ್ಯಾಸ, ಕೈ ತಾನಾಗಿ ಬಿಟ್ಟಿತು ಎನ್ನುತ್ತೇನೆ. ಉಳಿದವರು ನಂಬುತ್ತಾರೆ. ಪಾಪ ಎಂದೂ ಎನ್ನಬಹುದು. ಅಬೋಯ್ ಮಾತ್ರ ಒಂದೇ ಪ್ರಶ್ನೆ ಕೇಳುತ್ತಾರೆ, ನನಗೆ ಗೊತ್ತು. ಸೋಮವಾರ ನಿನ್ನ ಚಕ್ರಕ್ಕೂ ಜಾಗ ಬಿಟ್ಟಿದ್ಯಾ ಮಗಳೇ ಎಂದು. ಆಗ ನಾನು ಇಲ್ಲ ಎನ್ನಬೇಕು, ಮರೆತೆ ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ.