ಚುಕ್ಕೆಯ ಮೇಲೆ ಎಳೆದ ಪಟ್ಟೆ

ಗುಡ್ಡದ ವನ್ಯಜೀವಿ ಜಾಗೃತಿ ಸಮಿತಿಯ ಅಧ್ಯಕ್ಷರಿಗೆ ಬಿಳಿಚೋಡಿನಿಂದ ನಮಸ್ಕಾರ.

ಕಳೆದ ಯುಗಾದಿಗೆ ನೀವು ನಮ್ಮ ಬಸ್ ನಿಲ್ದಾಣದಲ್ಲಿ ತಪ್ಪು ಪ್ರಾಣಿಯ ಚಿತ್ರ ಹಾಕಿಸಿದಿರಿ. 'ಇದು ನಮ್ಮ ಗುಡ್ಡದ ಕತ್ತೆಕಿರುಬ, ಕೊಲ್ಲಬೇಡಿ' ಎಂಬ ಬರಹದ ಮೇಲಿದ್ದದ್ದು ಚುಕ್ಕೆಯ ಕತ್ತೆಕಿರುಬ. ಅದು ನಮ್ಮ ದೇಶದಿಂದ ಸಾವಿರಾರು ವರ್ಷಗಳ ಹಿಂದೆಯೇ ಮರೆಯಾಗಿದೆ. ಇಲ್ಲಿ ಸಿಗುವುದು ಅದರ ಹಳೆಯ ಮೂಳೆ ಮಾತ್ರ, ಜೀವಂತವಾಗಿರುವುದು ಆಫ್ರಿಕದಲ್ಲಿ. ನಮ್ಮ ಗುಡ್ಡದಲ್ಲಿರುವುದು ಪಟ್ಟೆಯದು ಎಂದು ಅಂದೇ ಹೇಳಿದೆ. "ಚುಕ್ಕೆ ಆದ್ರೇನು, ಪಟ್ಟೆ ಆದ್ರೇನು, ಬಿಡ್ರಿ ಯಜಮಾನ್ರೇ! ಕಿರುಬ ಕಿರುಬನೇ" ಎಂದು ನಕ್ಕಿರಿ.

ಹೋದ ವಾರ ಮೆಕ್ಕೆಜೋಳ ಕಾಯುತ್ತಿದ್ದ ಗುರುಸ್ವಾಮಿ, ಹೊಲಕ್ಕೆ ಬಂದ ಪಟ್ಟೆಯ ಕತ್ತೆಕಿರುಬವನ್ನು ಕಲ್ಲು ಹೊಡೆದು ಕೊಂದ. ಈಗ ಜೈಲಿನಲ್ಲಿದ್ದಾನೆ. "ಬೋರ್ಡ್‌ನಾಗೆ ಚುಕ್ಕೆ ಐತಲ್ಲ ಸಾರ್, ಇದಕ್ಕೆ ಪಟ್ಟೆ ಇದ್ವು. ಹುಲಿಮರಿ ಅಂದ್ಕಂಡೆ, ತಾಯಿ ಹಿಂದೇನೇ ಬರ್ತತೆ ಅಂತ ಹೆದರಿದೆ" ಎಂದು ಅವನು ಹಿಡಿಯಲು ಬಂದ ಅರಣ್ಯ ಇಲಾಖೆಯವರ ಮುಂದೆ ಅಂಗಲಾಚಿದ್ದನ್ನು ನಾನೇ ಕೇಳಿದ್ದೇನೆ.

ಅವನನ್ನು ಹಿಡಿದೊಯ್ದ ಮರುದಿನವೇ ನೀವು ಫಲಕದ ಚುಕ್ಕೆಗಳ ಮೇಲೆ ಪಟ್ಟೆ ಎಳೆಸಿದ್ದೀರಿ. ಬಣ್ಣ ಇನ್ನೂ ಕೈಗೆ ಅಂಟುತ್ತದೆ.

ಬರುವ ಸೋಮವಾರ ಆ ಫಲಕದ ಕೆಳಗೆ ನಿಂತು, ಗುರುಸ್ವಾಮಿಯ ಹೆಂಡತಿ ಚೈತ್ರಶ್ರೀಯ ಎದುರು, ಎಲ್ಲರಿಗೂ ಕೇಳುವಂತೆ ಹೇಳಿ: ಎರಡೂ ಒಂದೇ ಆಗಿದ್ದರೆ ಪಟ್ಟೆ ಎಳೆಸಿದ್ದೇಕೆ?

ಉತ್ತರಕ್ಕೆ ಕಾದಿರುವ,
ಕೆಂಚವೀರಪ್ಪ