ಇರುವೆ ಹರಿದಂಗೆ ಎಂದು ಟೈಪ್ ಮಾಡಿದವರಿಗೆ

ಫೆಬ್ರವರಿ 30, 2187
ಹೆಂಗಸರ ವಾರ್ಡು, ಘಟಪ್ರಭೆಯ ದಂಡೆ

ಹೆಸರು ಗೊತ್ತಿಲ್ಲದ ಸಿಸ್ಟರ್ ಅವರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯ ಕುಂಟು ದಿನಗಳಿಂದ ಬೇಸತ್ತು ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಕೊಟ್ಟು, ಉಳಿದವನ್ನು ವರ್ಷದ ಕೊನೆಗೆ ಹಬ್ಬ ಮಾಡಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನೀವು ಬರೆದಿಟ್ಟ ಕೇಸ್ ಶೀಟುಗಳಿಂದ. ಆದ್ದರಿಂದ ನಡುನಡುವೆ ಜ್ವರ, ಬಿ.ಪಿ. ಬಂದುಬಿಟ್ಟರೆ ನಗಬೇಡಿ. ನಾನು ದೇಮವ್ವ ಹೂಗಾರ, ಈ ವಾರ್ಡಿನ ನರ್ಸು. ನನಗೆ ನಿಮ್ಮಿಂದ ಒಂದೇ ಒಂದು ವಸ್ತು ಬೇಕು, ನಿಮ್ಮ ಹೆಸರು. ಅದೂ ನಾಳೆ ಬೆಳಗಿನೊಳಗೆ ಬೇಕು.

ಈ ಕಾಗದ ಹಿಂಟಪಾಲಿನಲ್ಲಿ ಬರುತ್ತಿದೆ. ಹಿಂಟಪಾಲು ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬಳಸಲು ಅವಕಾಶ. ನನ್ನ ಗಂಡ ಅದನ್ನು ಮುತ್ತಜ್ಜನಿಗೆ ಬಳಸು ಎಂದ. ಮುತ್ತಜ್ಜ ಕಾಯಲಿ ಎಂದೆ.

ನಿಮ್ಮ ಕಾಲದವರಿಗೆ ಕಂಪ್ಯೂಟರ್ ದಾಖಲೆಯೆಂದರೆ ಎಷ್ಟು ಸಿಟ್ಟಿತ್ತು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅಷ್ಟನ್ನೂ ನೀವೇ ಷರಾ ಕಾಲಂನಲ್ಲಿ ಬರೆದಿಟ್ಟಿದ್ದೀರಿ. ಕರೆಂಟು ಹೋಯಿತು, ಸರ್ವರ್ ಮಲಗಿತು, ಒಂದು ಮಾತ್ರೆ ಕೊಡಲು ಹದಿನೇಳು ಕಡೆ ಒತ್ತಬೇಕು, ರೋಗಿಯ ಕೈ ಹಿಡಿಯುವುದೋ ಮೌಸ್ ಹಿಡಿಯುವುದೋ. ಒಬ್ಬ ಅಜ್ಜಿ ಡಾಕ್ಟರ ಬೆನ್ನು ನೋಡಿ ನೋಡಿ ಸಾಕಾಗಿ, "ಡಾಕ್ಟರ್ರು ಟಿ.ವಿ. ನೋಡೂದು ಮುಗದ ಮ್ಯಾಲ ನನ್ನ ಕರೀರಿ" ಎಂದು ಹೊರಗೆ ಹೋಗಿ ಕೂತಳಂತೆ! ಅದನ್ನೂ ಯಾರೋ ಪುಣ್ಯಾತ್ಮರು ದಾಖಲಿಸಿದ್ದಾರೆ. ಓದಿ ನಾನು ಊಟದ ಕೋಣೆಯಲ್ಲಿ ಬಿದ್ದು ಬಿದ್ದು ನಕ್ಕೆ.

ನಮ್ಮಲ್ಲಿ ಯಾರೂ ಟೈಪ್ ಮಾಡುವುದಿಲ್ಲ. ಪ್ರತಿ ಹಾಸಿಗೆಯ ಪಕ್ಕದಲ್ಲಿ ಗೋಡೆಗಿವಿ ಇದೆ. ಗೋಡೆಗೂ ಕಿವಿ ಇದೆ ಎಂದು ನೀವು ಹೆದರುತ್ತಿದ್ದಿರಂತೆ. ನಾವು ಅದಕ್ಕೆ ಕೆಲಸ ಕೊಟ್ಟಿದ್ದೇವೆ. ರೋಗಿ ಹೇಳಿದ್ದನ್ನು, ನಾವು ಹೇಳಿದ್ದನ್ನು ಕೇಳಿ ತಾನೇ ಬರೆದುಕೊಳ್ಳುತ್ತದೆ. ಆದರೆ ಅದರ ಬುದ್ಧಿ ಅಷ್ಟಕ್ಕಷ್ಟೇ. ಮೊನ್ನೆ ನಮ್ಮ ಅರಿವಳಿಕೆ ಡಾಕ್ಟರ್ ನಜೀರಾ ಅವರು ಒಬ್ಬ ರೋಗಿಗೆ "ಯಜಮಾನ್ರ, ನನ್ನ ತಲಿ ತಿನ್ನಬ್ಯಾಡ್ರಿ" ಎಂದರೆ, ಅದು ಆತನ ಪಥ್ಯದ ಪಟ್ಟಿಯಲ್ಲಿ "ತಲೆ ತಿನ್ನಬಾರದು" ಎಂದು ಬರೆದು ಅಡುಗೆ ಮನೆಗೂ ತಿಳಿಸಿಬಿಟ್ಟಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಹನ್ನೆರಡು ದಿನಗಳ ಹಿಂದೆ ಗುರುಬಾಯಿ ತಳವಾರ ಎಂಬಾಕೆ ಹೆರಿಗೆಗೆ ಬಂದಳು. ಹೊಳೆಯ ಮೇಲಿನ ತೇಲುರಸ್ತೆಯಲ್ಲಿ ಬಸ್ಸು ಓಡಿಸುವ ಗಟ್ಟಿಗಿತ್ತಿ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಬೆನ್ನಿಗೆ ಸೂಜಿ ಕೊಡುವಷ್ಟೂ ಪುರುಸೊತ್ತಿಲ್ಲ, ಪೂರ್ತಿ ಮಲಗಿಸಿಯೇ ಆಪರೇಷನ್ ಮಾಡಬೇಕು. ಡಾಕ್ಟರ್ ನಜೀರಾ ಔಷಧ ಸಿರಿಂಜಿಗೆ ಎಳೆದುಕೊಂಡು ತಲೆಮಾರುಪಟ್ಟಿ ಓದಿದರು. ಮನೆತನದ ಹಿಂದಿನ ದಾಖಲೆಗಳೆಲ್ಲ ಒಂದೇ ದಾರದಲ್ಲಿ ಇರುವ ಪಟ್ಟಿ ಅದು. ಅದರಲ್ಲಿ ಇದ್ದದ್ದು ಒಂದೇ ಎಚ್ಚರಿಕೆ: ಇರುವೆ ಅಲರ್ಜಿ.

"ಮನ್ಯಾಗ ಇರುವಿ ಭಾಳ ಅದಾವೇನ?" ಎಂದು ಡಾಕ್ಟರ್ ಕೇಳಿದರು.

ಗುರುಬಾಯಿ ಆ ನೋವಿನಲ್ಲೂ ಸಿಡಿದಳು. "ಅಯ್ಯ ನಮ್ಮವ್ವಾ! ಎಲ್ಲಾ ದವಾಖಾನ್ಯಾಗೂ ಇದನ್ನ ಕೇಳ್ತೀರಲ್ರಿ. ನಮ್ಮ ಆಯಿ ಸಾಯೂತನಕ ಮಂಚದ ಸುತ್ತ ಅರಿಷಿಣದ ಗೆರಿ ಹಾಕ್ಕೊಂಡ ಮಲಗಿದ್ಲು. ನಮ್ಮ ಮನಿತನದಾಗ ಒಬ್ರಿಗೂ ಇರುವಿ ಕಡದದ್ದ ಗೊತ್ತಿಲ್ರಿ!"

ಆ ಮಾತು ನನ್ನ ತಲೆಯಲ್ಲಿ ಕೂತಿತು. ಒಬ್ಬರಿಗೂ ಕಡಿಯದಿದ್ದರೆ ಇರುವೆ ಬಂದದ್ದು ಎಲ್ಲಿಂದ? "ಒಂದ ನಿಮಿಷ ತಡೀರಿ ಡಾಕ್ಟರ್" ಎಂದು ಮೂಲಸಾಲು ತೆರೆದೆ. ಯಂತ್ರಗಳು ಹಳೆಯ ದಾಖಲೆಗಳನ್ನು ಸಂಕೇತಗಳಾಗಿ ಬದಲಿಸುವ ಮೊದಲು ಮನುಷ್ಯರು ಬರೆದ ಅಕ್ಷರಗಳು ಅಲ್ಲಿ ಹಾಗೇ ಉಳಿದಿರುತ್ತವೆ. ಯಾರೂ ಓದುವುದಿಲ್ಲ, ಅಷ್ಟೇ. ಗುರುಬಾಯಿಯ ಅಜ್ಜಿಯ ಅಜ್ಜಿಯ ತಾಯಿ ಫಕೀರವ್ವನ ಹಾಳೆ ಅದು. ಅಲರ್ಜಿ, ನೋವು, ವಾಂತಿ ಎಂಬ ಕಾಲಂಗಳೆಲ್ಲ ಖಾಲಿ. ಕಟ್ಟಕಡೆಯ "ಇತರೆ" ಕಾಲಂನಲ್ಲಿ ನೀವು ಬರೆದಿದ್ದಿರಿ:

"ಅರಿವಳಿಕೆ ಕೊಟ್ಟ ಕೂಡಲೆ ನೆತ್ತಿ ಮ್ಯಾಲ ಇರುವಿ ಹರದಂಗ ಆಗತೈತಿ ಅಂದರು. ಮರುಗಳಿಗೆ ದವಡೆ ಕಚ್ಚಿಕೊಂತು, ಮೈ ಕೆಂಡ ಆತು. ಡಾಕ್ಟರು ಔಷಧ ನಿಲ್ಲಿಸಿ ಉಳಿಸಿದರು. ಇವರ ಮಕ್ಕಳು ಮೊಮ್ಮಕ್ಕಳಿಗೂ ಈ ಔಷಧ ಕೊಡೂ ಮುಂದ ವಿಚಾರ ಮಾಡ್ರಿ. ಪಟ್ಟಿಯಲ್ಲಿ ಇದಕ್ಕ ಜಾಗ ಇಲ್ಲ. ಮೂರನೇ ಸಲ ಟೈಪ್ ಮಾಡಾಕತ್ತೀನಿ, ಈ ಮಷಿನಿಗೆ ಬೆಂಕಿ ಹತ್ತಲಿ."

ಅನುವಾದ ಮಾಡಿದ ಯಾವುದೋ ಯಂತ್ರ "ಹರದಂಗ"ವನ್ನು ಬಿಟ್ಟು ಇರುವೆಯನ್ನು ಮಾತ್ರ ಹಿಡಿದುಕೊಂಡಿತ್ತು! ನಾನು ಗಟ್ಟಿಯಾಗಿ ಓದಿದೆ. ಡಾಕ್ಟರ್ ನಜೀರಾ ಕೈಯಲ್ಲಿದ್ದ ಸಿರಿಂಜನ್ನು ಬುಟ್ಟಿಗೆ ಎಸೆದು, "ಯಾ ಅಲ್ಲಾ, ಅದ ಔಷಧದ ಮೊಮ್ಮಗಳನ್ನ ಕೊಡಾಕಿದ್ದೆ" ಎಂದರು. ನಡುವಿನ ತಲೆಮಾರುಗಳಲ್ಲಿ ಯಾರಿಗೂ ಪೂರ್ತಿ ಮಲಗಿಸುವ ಪ್ರಸಂಗ ಬಂದಿರಲಿಲ್ಲ, ಪುಣ್ಯ. ಬೇರೆ ಔಷಧ ಬಂತು. ಹತ್ತು ನಿಮಿಷಕ್ಕೆ ಹೆಣ್ಣು ಮಗು, ಮೂರೂಕಾಲು ಕಿಲೋ, ವಾರ್ಡಿನ ಕಿಟಕಿಗಳು ನಡುಗುವ ಹಾಗೆ ಅತ್ತಿತು. ಡಾಕ್ಟರೂ ಅತ್ತರು. ನಾನಂತೂ ಕುಣಿದೆ ಸಿಸ್ಟರ್, ಐವತ್ತೆರಡರ ವಯಸ್ಸಿನಲ್ಲಿ ಕುಣಿದೆ.

ಎಚ್ಚರವಾದ ಮೇಲೆ ಗುರುಬಾಯಿ ಹೇಳಿದ ಮೊದಲ ಮಾತು, "ಬರದಾಕಿ ಹೆಸರ ಏನ್ರಿ? ಅದನ್ನ ಇಡ್ತೀನಿ ನನ್ನ ಮಗಳಿಗೆ."

ನೋಡಿದರೆ ಆ ಹಾಳೆಯ ಕೆಳಗೆ ಇದ್ದ ಹೆಸರು ಡಾಕ್ಟರ್ ಪ್ರಲ್ಹಾದ. ಅವರು ಬರೆದಿಲ್ಲ ಎನ್ನುವುದು ಖಂಡಿತ. ಅದೇ ನಿಮಿಷದಲ್ಲಿ ಅದೇ ಡಾಕ್ಟರ್ ಪ್ರಲ್ಹಾದ ನಾಲ್ಕು ವಾರ್ಡುಗಳಲ್ಲಿ ಟೈಪ್ ಮಾಡುತ್ತಿದ್ದರು! ಅವರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ ನೀವು ನರ್ಸುಗಳೆಲ್ಲ ಅದರಲ್ಲೇ ಕೆಲಸ ಸಾಗಿಸುತ್ತಿದ್ದಿರಿ, ಹೌದೋ ಅಲ್ಲವೋ? ಬೈಯುವುದಿಲ್ಲ. ಹದಿನೇಳು ಸಲ ಒತ್ತುವ ಕಡೆ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಸಿಸ್ಟರ್, ನೀವು ಅದರೊಳಗೆ ಮುಚ್ಚಿಹೋದಿರಿ. ಹನ್ನೆರಡು ದಿನದಿಂದ ಹುಡುಕುತ್ತಿದ್ದೇನೆ, ಸಿಗಲಿಲ್ಲ.

ನಾಳೆ ತೊಟ್ಟಿಲು. ಹದಿಮೂರನೆಯ ದಿನಕ್ಕೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಆ ಅತ್ತೆ ದಿನಕ್ಕೆರಡು ಸಲ ಬಂದು ನನ್ನ ಜೀವ ಹಿಂಡುತ್ತಿದ್ದಾಳೆ. "ಏನಂತ ಹೇಳ್ಲೆವ್ವ ಕಿವ್ಯಾಗ? ಡಾಕ್ಟರ್ ಪ್ರಲ್ಹಾದ ಅಂತ ಹೇಳ್ಲೇನ?" ಸದ್ಯಕ್ಕೆ ಇಡೀ ವಾರ್ಡು ಕೂಸನ್ನು ಇರುವಿ ಎಂದು ಕರೆಯುತ್ತಿದೆ. ಇನ್ನೊಂದು ದಿನ ತಡವಾದರೆ ಅದೇ ಗಟ್ಟಿಯಾಗುತ್ತದೆ.

ನಿಮಗೆ ಈ ಕಾಗದ ಸಿಕ್ಕ ದಿನ ಎದ್ದು ಕಂಪ್ಯೂಟರಿನ ಹತ್ತಿರ ಹೋಗಿ. ಅದನ್ನು ಬೇಕಾದಷ್ಟು ಬೈಯಿರಿ, ನನ್ನ ಪಾಲಿನದ್ದೂ ಸೇರಿಸಿ ಬೈಯಿರಿ. ಆಮೇಲೆ ಫಕೀರವ್ವನ ಹಾಳೆ ತೆರೆದು, ಆ ಬೆಂಕಿಯ ಮಾತಿನ ಮುಂದೆ ನಿಮ್ಮ ಹೆಸರು ಟೈಪ್ ಮಾಡಿ. ಮೂರು ಸಲ ಹೋದರೆ ನಾಲ್ಕನೇ ಸಲ ಮಾಡಿ. ನಾಳೆ ಬೆಳಿಗ್ಗೆ ತೊಟ್ಟಿಲು ಕಟ್ಟುವ ಮೊದಲು ನಾನು ಮೂಲಸಾಲು ತೆರೆಯುತ್ತೇನೆ, ಅತ್ತೆ ನನ್ನ ಹೆಗಲ ಮೇಲಿಂದ ಇಣುಕುತ್ತಿರುತ್ತಾಳೆ.

ಹೆಸರಿಗೆ ಕಾಲಂ ಇಲ್ಲ ಎನ್ನುತ್ತೀರೇನೋ. "ಇತರೆ"ಯಲ್ಲಿ ಬರೆಯಿರಿ ಸಿಸ್ಟರ್. ನಾನು ಓದುತ್ತೇನೆ.

ನಿಮ್ಮ,
ದೇಮವ್ವ